ಯಾವ ಕಾಲದ ಐ7?

ತಂಗಿಯ ಮಗನಿಗೆ ಇಪ್ಪತ್ತು ಸಾವಿರದೊಳಗೆ ಒಂದು ಕಂಪ್ಯೂಟರ್ ಬೇಕೆಂದು ವಿಜಯಪುರದ ಅಂಗಡಿಗಳನ್ನು ಅಲೆದರೆ ಎಲ್ಲೆಡೆ ಒಂದೇ ಮಂತ್ರ: "ಐ7 ಇದೆ ಸರ್, ಕಣ್ಣು ಮುಚ್ಚಿ ಒಯ್ಯಿರಿ." ಐ7 ಎಂಬ ಈ ಇಂಟೆಲ್ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳು, ಯಾವ ತಲೆಮಾರಿನದು ಎಂದು ಕೇಳಿದೊಡನೆ ಮುಖ ಗಂಟಿಕ್ಕುತ್ತಾರೆ. ನಮ್ಮ ಸಿದ್ಧೇಶ್ವರ ಜಾತ್ರೆಯಲ್ಲಿ ಹಲ್ಲು ನೋಡದೆ ಯಾರೂ ಎತ್ತಿಗೆ ಬೆಲೆ ಕಟ್ಟುವುದಿಲ್ಲ. ಕಂಪ್ಯೂಟರನ್ನು ಮಾತ್ರ ಸ್ಟಿಕರ್ ನೋಡಿ ಕೊಳ್ಳಬೇಕಂತೆ!

ನಾನೇ ಮೌಸ್ ಹಿಡಿದು ಸೆಟ್ಟಿಂಗ್ಸ್ ತೆರೆದೆ. ಐ7-4770. ಅಂದರೆ 4ನೇ ತಲೆಮಾರಿನ, 2013ರ ಸರಕು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಾದರೂ ಬೇಕು. ವಿಂಡೋಸ್ 10ರ ಬೆಂಬಲವೋ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. 12ನೇ ತಲೆಮಾರಿನ ಬಡಪಾಯಿ ಐ3 ಕೂಡ ಇದನ್ನು ಹಿಂದೆ ಹಾಕುತ್ತದೆ. ಆದರೆ ಐ3 ಎಂದರೆ ಕೊಳ್ಳುವವರಿಗೂ ಅವಮಾನ, ಅದು ಬೇರೆ ಸಂಕಟ.

ಇನ್ನು ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ, ಕಂಪ್ಯೂಟರಿಗೆ ವಿದ್ಯುತ್ ಉಣಿಸುವ ಎಸ್‌ಎಂಪಿಎಸ್. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್. ಕೈಗೆತ್ತಿಕೊಂಡರೆ ತೂಕವೇ ಇಲ್ಲ. ಪಕ್ಕದ ಚೀಟಿಯಲ್ಲಿ, ಕನ್ನಡಕ ಏರಿಸಿ ಓದಬೇಕಾದಷ್ಟು ಸಣ್ಣಕ್ಷರದಲ್ಲಿ, 12 ವೋಲ್ಟ್‌ಗೆ 14 ಆಂಪಿಯರ್ ಎಂದಿತ್ತು. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲವೂ ಮುಖ್ಯವಾಗಿ ಉಣ್ಣುವುದು ಈ 12 ವೋಲ್ಟ್ ಸಾಲಿನಿಂದಲೇ. ಉಳಿದ ವ್ಯಾಟ್ ಎಲ್ಲಿ ಹೋಯಿತು ಎಂದರೆ, ಬಣ್ಣಬಣ್ಣದ ದೀಪದ ಫ್ಯಾನ್ ಹೊತ್ತಿಸಿ ತೋರಿಸುತ್ತಾರೆ.

ಬಿಲ್ ಕೇಳಿದರೆ ಶೇ 18 ಜಿಎಸ್‌ಟಿ ಬೇರೆ ಕೊಡಬೇಕಂತೆ. ಬಿಲ್ಲಿಲ್ಲದೆ ವಾರಂಟಿ ಹೇಗೆ? "ನಾವಿದ್ದೇವಲ್ಲ ಸರ್!" ಇದ್ದಾರೆ, ನಿಜ. ವಾರಂಟಿ ಕಾರ್ಡಿನ ಮೇಲೆ ಮಾತ್ರ ಅಂಗಡಿಯ ಮೊಹರೂ ಇಲ್ಲ.