ಸತ್ಯಾಂಶ: ಇದು 1936ರ ಧಾರಾವಾಹಿ ಅಲ್ಲ

‘ನಮ್ಮ ಅಜ್ಜಂದಿರ ಕಾಲದ ಮಕ್ಕಳ ಸಿನಿಮಾ ನೋಡಿ, ಎಷ್ಟು ಅಶ್ಲೀಲ!’ ಅಂತ ಒಂದು ಚಿತ್ರ ವಾಟ್ಸಾಪ್‌ನಲ್ಲಿ ಬರುತ್ತಿರುತ್ತದೆ. ಬಣ್ಣದ ಚಿತ್ರ, ಅರೆಬೆತ್ತಲೆ ನಟಿಯರು, ಹಿಂದೆ ರಾಕೆಟ್. ಇದು 1936ರ ಬಾಹ್ಯಾಕಾಶ ಸಾಹಸದ ಧಾರಾವಾಹಿ ‘ಫ್ಲ್ಯಾಶ್ ಗಾರ್ಡನ್’ನದು ಅನ್ನುತ್ತಾರೆ. ಅಲ್ಲ.

ಹೆಸರನ್ನು ಸ್ವಲ್ಪ ನಿಧಾನವಾಗಿ ಓದಿ. ಇದು ‘ಫ್ಲೆಶ್ ಗಾರ್ಡನ್’. ಫ್ಲ್ಯಾಶ್ ಅಂದರೆ ಮಿಂಚು, ಫ್ಲೆಶ್ ಅಂದರೆ ಮೈಮಾಂಸ. ಆ ಹಳೆಯ ಧಾರಾವಾಹಿಯನ್ನು ಅಣಕಿಸಿ, ದೊಡ್ಡವರಿಗಾಗಿಯೇ ಮಾಡಿದ, 1974ರಲ್ಲಿ ಅಮೆರಿಕದಲ್ಲಿ ತೆರೆಕಂಡ ಕಡಿಮೆ ಖರ್ಚಿನ ಸಿನಿಮಾ. ನಿರ್ದೇಶಕರು ಹೊವರ್ಡ್ ಝೀಮ್ ಮತ್ತು ಮೈಕೆಲ್ ಬೆನ್ವೆನಿಸ್ಟೆ.

ಯೂನಿವರ್ಸಲ್ ಕಂಪನಿಯ 1936ರ ಧಾರಾವಾಹಿ, ಅಂದರೆ ಚಿತ್ರಮಂದಿರದಲ್ಲಿ ಕಂತು ಕಂತಾಗಿ ತೋರಿಸುತ್ತಿದ್ದ ‘ಫ್ಲ್ಯಾಶ್ ಗಾರ್ಡನ್’, ಕಪ್ಪು-ಬಿಳುಪು. ಒಟ್ಟು 13 ಕಂತು, ನಾಯಕ ಬಸ್ಟರ್ ಕ್ರ್ಯಾಬ್. ಕಂತಿನ ಕೊನೆಗೆ ನಾಯಕ ಸಾಯುವ ಹಾಗೆ ತೋರಿಸಿ, ಮುಂದಿನ ವಾರಕ್ಕೆ ಕಾಯಿಸುತ್ತಿದ್ದರು. ಹಾಗಾಗಿ ಚಿತ್ರದಲ್ಲಿ ಬಣ್ಣ ಕಂಡರೆ ಅಲ್ಲೇ ಅನುಮಾನ ಬರಬೇಕು, ಅಲ್ವಾ?

ಆದರೆ ಅಣಕು ಸಿನಿಮಾವನ್ನು ಸುಮ್ನೆ ಕೊಳಕು ಅಂತ ತಳ್ಳಿಹಾಕುವುದೂ ನನಗೆ ಸರಿ ಅನಿಸುವುದಿಲ್ಲ. ಅದರ ರಾಕ್ಷಸರು ಪುಟ್ಟ ಗೊಂಬೆಗಳು. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸಬೇಕು, ಕ್ಯಾಮೆರಾದಲ್ಲಿ ಒಂದು ಚೌಕಟ್ಟು (ಒಂದೇ ಒಂದು ಸ್ಥಿರಚಿತ್ರ) ಸೆರೆಹಿಡಿಯಬೇಕು, ಮತ್ತೆ ಸರಿಸಬೇಕು. ಒಂದು ಸೆಕೆಂಡಿನ ಸಿನಿಮಾಕ್ಕೆ 24 ಚೌಕಟ್ಟು! ಆ ಕೆಲಸ ಮಾಡಿದವರಲ್ಲಿ ಒಬ್ಬರಾದ ಜಿಮ್ ಡ್ಯಾನ್‌ಫೋರ್ತ್ ಹೆಸರು ಪರದೆ ಮೇಲೆ ಇಂಗ್ಲಿಷ್ ಅಕ್ಷರಗಳು ಹಿಂದುಮುಂದಾಗಿ, ‘ಮಿಜ್ ಹ್ಟ್ರೋಫ್‌ನಾಡ್’ ಅಂತ ಬಂತು. ಇನ್ನೊಬ್ಬರು ಡೆನಿಸ್ ಮ್ಯೂರೆನ್, ಮುಂದೆ 1977ರ ‘ಸ್ಟಾರ್ ವಾರ್ಸ್’ಗೂ ದುಡಿದರು.

ಅಂದಹಾಗೆ, ಬ್ರಿಟನ್ನಿನ ರಾಕ್ ಸಂಗೀತ ತಂಡ ಕ್ವೀನ್‌ನ ಸಂಗೀತ ಇರುವ 1980ರ ‘ಫ್ಲ್ಯಾಶ್ ಗಾರ್ಡನ್’ ಬೇರೆಯೇ ಸಿನಿಮಾ.