ಡಂಬಲ್‌ಡೋರ್‌ಗಿಂತ ಗ್ಯಾಂಡಾಲ್ಫ್ ಬಲಶಾಲಿಯೇ?

ಪರ

ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಗ್ಯಾಂಡಾಲ್ಫ್ ಮತ್ತು ರೌಲಿಂಗರ ‘ಹ್ಯಾರಿ ಪಾಟರ್’ ಕಾದಂಬರಿಗಳ ಡಂಬಲ್‌ಡೋರ್ ಇಬ್ಬರೂ ಬಿಳಿಗಡ್ಡದ ಮುದುಕರು. ಇಬ್ಬರಲ್ಲೂ ಒಂದಿಷ್ಟು ತುಂಟತನವಿದೆ. ಇಬ್ಬರೂ ತಮಗಿಂತ ಎಷ್ಟೋ ಕಿರಿಯರ ಹೆಗಲಿಗೆ ಲೋಕದ ಭಾರವನ್ನು ಹೊರಿಸಿದವರು. ಈ ಹೊರಗಿನ ಸಾಮ್ಯವನ್ನು ನೋಡಿ ಇಬ್ಬರನ್ನೂ ಒಂದೇ ಬಗೆಯ ಮಾಂತ್ರಿಕರೆಂದು ಎಣಿಸುವುದೇ ತಪ್ಪು. ಡಂಬಲ್‌ಡೋರ್ ಮನುಷ್ಯ. ಹುಟ್ಟಿನಿಂದ ಬಂದ ಅಸಾಧಾರಣ ಪ್ರತಿಭೆಯನ್ನು ಓದಿನಿಂದಲೂ ಸಾಧನೆಯಿಂದಲೂ ಬೆಳೆಸಿಕೊಂಡವನು. ಗ್ಯಾಂಡಾಲ್ಫನಾದರೋ ಮನುಷ್ಯನೇ ಅಲ್ಲ. ಲೋಕ ರೂಪುಗೊಳ್ಳುವ ಮೊದಲೇ ಇದ್ದ ಮಾಯಾರ್ ಎಂಬ ಚೇತನಗಳ ಗಣಕ್ಕೆ ಸೇರಿದವನು. ಓಲೊರಿನ್ ಎಂಬುದು ಅವನ ಮೂಲ ಹೆಸರು. ದುಷ್ಟ ಅಧಿಪತಿ ಸೌರಾನ್‌ನನ್ನು ಎದುರಿಸಲು ಜನರಲ್ಲಿ ಧೈರ್ಯ ತುಂಬಲೆಂದು ಪಶ್ಚಿಮದಿಂದ ಬಂದ ಐವರಲ್ಲಿ ಒಬ್ಬನಾದ ಅವನು, ಮೂರನೆಯ ಯುಗದ ಸುಮಾರು 1000ನೇ ವರ್ಷದಲ್ಲಿ ಮಧ್ಯಭೂಮಿಗೆ ಕಾಲಿಟ್ಟು, 3019ರಲ್ಲಿ ಸೌರಾನ್ ಅಳಿಯುವವರೆಗೆ ಅಲ್ಲಿಯೇ ಅಲೆಯುತ್ತಿದ್ದ.

ಹಾಗೆ ಕಳಿಸುವಾಗ ವಾಲಾರ್ ಎಂಬ ಲೋಕಪಾಲಕರು ಅವನಿಗೆ ಕಟ್ಟುಪಾಡು ವಿಧಿಸಿದ್ದರು. ಹಸಿವು, ಭಯ, ದಣಿವುಗಳಿಗೆ ಒಳಗಾಗುವ ಮುದುಕನ ದೇಹದಲ್ಲಿ ಅವನು ಇರಬೇಕಿತ್ತು. ಸೌರಾನ್‌ನ ಶಕ್ತಿಗೆ ಶಕ್ತಿಯನ್ನೇ ಎದುರು ನಿಲ್ಲಿಸುವಂತಿರಲಿಲ್ಲ. ಯಾರನ್ನೂ ಹೆದರಿಸಿ ಆಳುವಂತಿರಲಿಲ್ಲ. ಆದ್ದರಿಂದ ಹಿಮ ಸುರಿಯುವ ಕರಾದ್ರಾಸ್ ಕಣಿವೆಯಲ್ಲಿ ಒದ್ದೆ ಸೌದೆಗೆ ಕೋಲು ತಾಗಿಸಿ ಬೆಂಕಿ ಹೊತ್ತಿಸಿದ್ದು, ಹಬ್ಬದಲ್ಲಿ ಬಾಣಬಿರುಸು ಹಾರಿಸಿದ್ದು ಇವನ್ನಷ್ಟೇ ಎಣಿಸಿ ಅವನ ಬಲ ಇಷ್ಟೇ ಎನ್ನುವುದು ಸರಿಯಲ್ಲ.

ಆ ಕಟ್ಟುಪಾಡಿನ ನಡುವೆಯೂ ಅವನ ನಿಜವಾದ ಸತ್ವ ಒಮ್ಮೆ ಹೊರಗೆ ಬಂತು. ಮೋರಿಯಾ ಎಂಬ ನೆಲದಡಿಯ ನಗರದ ಸೇತುವೆಯ ಮೇಲೆ ಎದುರಾದ ಬಾಲ್ರಾಗ್ ಸಾಮಾನ್ಯ ರಾಕ್ಷಸನಲ್ಲ. ಅದೂ ಮೂಲತಃ ಗ್ಯಾಂಡಾಲ್ಫನ ಗಣದ್ದೇ ಆಗಿದ್ದು ಕೆಟ್ಟುಹೋದ ಚೇತನ. ಗ್ಯಾಂಡಾಲ್ಫ್ ಕೋಲಿನಿಂದ ಸೇತುವೆಯನ್ನು ಹೊಡೆದಾಗ ಸೇತುವೆಯ ಜೊತೆಗೆ ಕೋಲೂ ಮುರಿಯಿತು. ಹಲವರು ಮರೆಯುವ ಸಂಗತಿ ಇದು. ಬೀಳುತ್ತಿದ್ದ ಬಾಲ್ರಾಗ್‌ನ ಚಾಟಿ ಅವನ ಮೊಣಕಾಲಿಗೆ ಸುತ್ತಿ ಅವನನ್ನೂ ಪಾತಾಳಕ್ಕೆ ಎಳೆಯಿತು. ಅಲ್ಲಿಂದ ಮುಂದೆ ನಡೆದದ್ದೆಲ್ಲವೂ, ತಳದ ನೀರಿನಲ್ಲಿ ಸೆಣಸಿದ್ದು, ಹೆಸರಿಲ್ಲದ ಜೀವಿಗಳು ಕೊರೆದ ಸುರಂಗಗಳಲ್ಲಿ ಶತ್ರುವಿನ ಹಿಮ್ಮಡಿ ಹಿಡಿದು ಬೆನ್ನಟ್ಟಿದ್ದು, ಕೊನೆಯಿಲ್ಲದ ಮೆಟ್ಟಿಲುಗಳನ್ನು ಹತ್ತಿ ಬೆಟ್ಟದ ನೆತ್ತಿಯಲ್ಲಿ ಹೋರಾಡಿದ್ದು, ಎಲ್ಲವೂ ಕೋಲಿಲ್ಲದೆ ನಡೆದದ್ದು. ಜನವರಿ 15ರಂದು ಬಿದ್ದವನು ಬಾಲ್ರಾಗನ್ನು ಕೆಡವಿದ್ದು 25ರಂದು.

ಡಂಬಲ್‌ಡೋರ್‌ನ ಕೈಯಿಂದ ಮಂತ್ರದಂಡ ಜಾರಿದರೆ ಏನಾಗುತ್ತದೆಂಬುದನ್ನೂ ನಾವು ಓದಿದ್ದೇವೆ. 1945ರಲ್ಲಿ ದುಷ್ಟ ಮಾಂತ್ರಿಕ ಗ್ರಿಂಡೆಲ್‌ವಾಲ್ಡ್‌ನನ್ನು ಸೋಲಿಸಿ ಅವನು ಗೆದ್ದುಕೊಂಡ ಎಲ್ಡರ್ ದಂಡ ಆ ಲೋಕದಲ್ಲೇ ಅತ್ಯಂತ ಪ್ರಬಲವಾದದ್ದು. ಆದರೂ ಶಾಲೆಯ ಖಗೋಳ ಗೋಪುರದ ಮೇಲೆ ಹದಿಹರೆಯದ ವಿದ್ಯಾರ್ಥಿ ಡ್ರೇಕೋ ಹೇಳಿದ ಒಂದೇ ಮಂತ್ರಕ್ಕೆ ಅದು ಹಾರಿಹೋಯಿತು. ಆಗ ಅವನು ವಿಷ ಕುಡಿದು ನಿತ್ರಾಣನಾಗಿದ್ದ, ಹ್ಯಾರಿಯನ್ನು ಅಡಗಿಸಲು ಆ ಕ್ಷಣವನ್ನು ಬಳಸಿದ್ದ ಎಂಬ ಸಮಜಾಯಿಷಿ ಒಪ್ಪತಕ್ಕದ್ದೇ. ಆದರೆ ಕಸಿದುಕೊಳ್ಳಬಹುದಾದ ಬಲವನ್ನೂ ಕಸಿಯಲಾಗದ ಬಲವನ್ನೂ ಸಮವೆಂದು ಹೇಳಲಾಗದು.

ಆಮಿಷದ ವಿಷಯದಲ್ಲೂ ಇದೇ ಅಂತರ. ಹಾಬಿಟ್ ಎಂಬ ಕುಳ್ಳ ಜನಾಂಗದ ಫ್ರೋಡೋ, ಸೌರಾನ್‌ನ ಶಕ್ತಿಯಡಗಿದ್ದ ಉಂಗುರವನ್ನು ಕೊಡಲು ಮುಂದಾದಾಗ, ಅದನ್ನು ತಾನು ಮುಟ್ಟಿದರೆ ಏನಾದೀತೆಂದು ಅರಿತ ಗ್ಯಾಂಡಾಲ್ಫ್ ಸ್ಪಷ್ಟವಾಗಿ ನಿರಾಕರಿಸಿದ. ಡಂಬಲ್‌ಡೋರ್ ಮಾತ್ರ ಶಾಪಗ್ರಸ್ತವೆಂದು ಶಂಕಿಸಬೇಕಾಗಿದ್ದ ಉಂಗುರವನ್ನು, ಅದರಲ್ಲಿದ್ದ, ಸತ್ತವರನ್ನು ಮರಳಿ ಕರೆಯುವ ಪುನರುತ್ಥಾನದ ಕಲ್ಲಿನ ಆಸೆಗೆ ಬಿದ್ದು, ಬೆರಳಿಗೆ ತೊಟ್ಟ. ಕೈ ಕಪ್ಪಾಗಿ ಸುಟ್ಟುಹೋಯಿತು.

ವಿರೋಧ

ಮೇಲಿನ ವಾದದಲ್ಲಿ ಗ್ಯಾಂಡಾಲ್ಫನ ಕುಲವನ್ನು ಅಳೆದಿದ್ದಾರೆಯೇ ಹೊರತು ಅವನ ಮಾಂತ್ರಿಕತೆಯನ್ನಲ್ಲ. ಬಳಸಲು ಅನುಮತಿಯೇ ಇಲ್ಲದ ಶಕ್ತಿಯನ್ನು ಲೆಕ್ಕಕ್ಕೆ ಹಿಡಿಯುವುದಾದರೆ, ಕಥೆಯಲ್ಲಿ ಕಾಣದ ಯಾವುದನ್ನು ಬೇಕಾದರೂ ಹಿಡಿಯಬಹುದು. ಕರ್ಣಾರ್ಜುನರಲ್ಲಿ ಯಾರು ಮೇಲು ಎಂದು ನಮ್ಮಲ್ಲಿ ತಲೆಮಾರುಗಳಿಂದ ನಡೆಯುವ ಚರ್ಚೆಗೆ ಒಂದು ಅನುಕೂಲವಿದೆ: ಅವರಿಬ್ಬರೂ ಒಂದೇ ರಣದಲ್ಲಿ, ಒಂದೇ ಅಸ್ತ್ರವಿದ್ಯೆಯ ನಿಯಮಕ್ಕೆ ಒಳಪಟ್ಟು ಎದುರುಬದುರು ನಿಂತಿದ್ದರು. ಇಲ್ಲಿ ಆ ಸೌಲಭ್ಯವಿಲ್ಲದಿರುವುದರಿಂದ, ಪುಟದ ಮೇಲೆ ಇಬ್ಬರೂ ಮಾಡಿ ತೋರಿಸಿದ್ದನ್ನಷ್ಟೇ ಸಾಕ್ಷಿಯಾಗಿ ಇಟ್ಟುಕೊಳ್ಳುವುದು ಕ್ಷೇಮ. (ಹಾಗೆಯೇ, ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರನೆಯ ಚಲನಚಿತ್ರದ ವಿಸ್ತೃತ ಆವೃತ್ತಿಯಲ್ಲಿ ಸೌರಾನ್‌ನ ಸೇನಾನಿಯಾದ ಅಂಗ್ಮಾರ್‌ನ ಮಾಟಗಾರ ದೊರೆ ಗ್ಯಾಂಡಾಲ್ಫನ ಕೋಲನ್ನು ಮುರಿಯುವ ದೃಶ್ಯವನ್ನು ನಮ್ಮ ಪಕ್ಷದವರು ಮುಂದೊಡ್ಡಬಾರದು. ಪುಸ್ತಕದಲ್ಲಿ ಕೋಳಿ ಕೂಗಿ, ಮಿತ್ರರಾಜ್ಯ ರೋಹನ್‌ನ ಕಹಳೆಗಳು ಮೊಳಗಿ, ಅವರ ಮುಖಾಮುಖಿ ಕಾಳಗವಾಗದೆ ಮುಗಿಯುತ್ತದೆ.)

ಎರಡು ಬಾಗಿಲುಗಳನ್ನು ನೋಡೋಣ. ಮೋರಿಯಾದ ಪಶ್ಚಿಮ ದ್ವಾರದೆದುರು ಗ್ಯಾಂಡಾಲ್ಫ್ ತನಗೆ ತಿಳಿದ ಮಂತ್ರಗಳನ್ನು ಹಲವು ಭಾಷೆಗಳಲ್ಲಿ ಒಂದೊಂದಾಗಿ ಹೇಳುತ್ತಾನೆ, ಕೋಪದಿಂದ ಕೋಲನ್ನು ಎಸೆಯುತ್ತಾನೆ, ಸುಮ್ಮನೆ ಕುಳಿತುಬಿಡುತ್ತಾನೆ. ಬೇಕಾಗಿದ್ದ ಮಾತು ಬಾಗಿಲ ಮೇಲೆಯೇ ಬರೆದಿತ್ತು. ಜೊತೆಗಿದ್ದ ಹಾಬಿಟ್ ಮೆರಿಯ ಪ್ರಶ್ನೆಯೇ ಸರಿಯಾದ ದಾರಿಯಲ್ಲಿತ್ತೆಂದು ಕೊನೆಗೆ ಅವನೇ ಒಪ್ಪಿಕೊಳ್ಳುತ್ತಾನೆ. ಹ್ಯಾರಿಯ ಶತ್ರುವಾದ ದುಷ್ಟ ಮಾಂತ್ರಿಕ ವೊಲ್ಡೆಮಾರ್ಟ್ ತನ್ನ ಆತ್ಮದ ತುಂಡೊಂದನ್ನು ಬಚ್ಚಿಟ್ಟಿದ್ದ ಕಡಲಗುಹೆಯಲ್ಲಿ ಡಂಬಲ್‌ಡೋರ್‌ಗೆ ಬಾಗಿಲೇ ಕಾಣುವುದಿಲ್ಲ, ಬರಹವಂತೂ ಇಲ್ಲವೇ ಇಲ್ಲ. ಅವನು ಒರಟು ಬಂಡೆಯನ್ನು ಬೆರಳ ತುದಿಯಿಂದ ಸವರುತ್ತಾ ಸುತ್ತುತ್ತಾನೆ, ಒಂದೆಡೆ ನಿಲ್ಲುತ್ತಾನೆ, ದಾರಿ ಇಲ್ಲಿಯೇ ಇದೆ ಎನ್ನುತ್ತಾನೆ, ಅದು ರಕ್ತವನ್ನು ಕೇಳುತ್ತಿದೆ ಎಂದು ಅರಿತು ತನ್ನ ತೋಳನ್ನೇ ಕೊಯ್ದುಕೊಳ್ಳುತ್ತಾನೆ. ಒಳಗೆ ಹೋದ ಮೇಲೆ ಗಾಳಿಯಲ್ಲಿ ಕೈಯಾಡಿಸಿ, ಯಾರಿಗೂ ಕಾಣದ ಸರಪಳಿಯನ್ನು ಹಿಡಿದು, ನೀರಿನ ತಳದಲ್ಲಿದ್ದ ದೋಣಿಯನ್ನು ಮೇಲೆ ತರುತ್ತಾನೆ. ಇನ್ನೊಬ್ಬ ಮಾಂತ್ರಿಕನ ಕೈಚಳಕವನ್ನು ಸ್ಪರ್ಶದಿಂದಲೇ ಓದಬಲ್ಲ ಇಂಥ ವಿದ್ಯೆ ಗ್ಯಾಂಡಾಲ್ಫನಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಕಾಳಗದಲ್ಲಿಯೂ ಅಷ್ಟೇ. ಮಾಂತ್ರಿಕರ ಸಚಿವಾಲಯದ ಹಜಾರದಲ್ಲಿ ವೊಲ್ಡೆಮಾರ್ಟ್ ಎದುರಾದಾಗ ಡಂಬಲ್‌ಡೋರ್ ಕಾರಂಜಿಯ ಚಿನ್ನದ ಪ್ರತಿಮೆಗಳಿಗೆ ಜೀವ ಕೊಟ್ಟು ಒಂದನ್ನು ಹ್ಯಾರಿಯ ಕಾವಲಿಗೆ, ಇನ್ನೊಂದನ್ನು ವೊಲ್ಡೆಮಾರ್ಟ್‌ನ ಅನುಯಾಯಿ ಬೆಲಾಟ್ರಿಕ್ಸ್‌ಳನ್ನು ಹಿಡಿದಿಡಲು ಕಳಿಸುತ್ತಾನೆ. ಬೆಂಕಿಯ ಹಗ್ಗವನ್ನು ಬೀಸುತ್ತಾನೆ. ಕೊಳದ ನೀರನ್ನೇ ಎತ್ತಿ ಶತ್ರುವಿನ ಸುತ್ತ ಕರಗಿದ ಗಾಜಿನಂತೆ ಕವಿಸುತ್ತಾನೆ. ಕೊಲ್ಲುವ ಶಾಪವೊಂದನ್ನು ಫಾಕ್ಸ್ ಎಂಬ ಫೀನಿಕ್ಸ್ ಹಕ್ಕಿ ನುಂಗಿ ಅವನನ್ನು ಉಳಿಸಿತೆಂಬುದು ನಿಜ. ಆದರೆ ಹಕ್ಕಿಗಳ ಋಣವನ್ನು ಲೆಕ್ಕ ಹಾಕಹೊರಟರೆ, ದ್ರೋಹ ಬಗೆದ ಮಾಂತ್ರಿಕ ಸಾರುಮಾನ್ ತನ್ನ ಆರ್ಥಾಂಕ್ ಗೋಪುರದ ನೆತ್ತಿಯಲ್ಲಿ ಸೆರೆಯಿಟ್ಟಾಗ ಗ್ವೈಹಿರ್ ಎಂಬ ಹದ್ದು ಬಂದು ಹೊತ್ತೊಯ್ಯಬೇಕಾದ ಗ್ಯಾಂಡಾಲ್ಫನ ಪಾಲೇ ಹೆಚ್ಚಾದೀತು. ಬಾಲ್ರಾಗ್‌ನೊಡನೆ ನಡೆದ ಹತ್ತು ದಿನಗಳ ಹೋರಾಟ ಕೋಲಿಲ್ಲದೆ ನಡೆಯಿತೆಂದು ಹೆಮ್ಮೆಪಡುವವರು, ಅದು ನಡೆದದ್ದು ಗ್ಲಾಮ್‌ಡ್ರಿಂಗ್ ಎಂಬ ಕತ್ತಿಯಿಂದ ಎಂಬುದನ್ನೂ ಹೇಳಬೇಕಿತ್ತು. ಅದಕ್ಕೆ ತುಸು ಮೊದಲು, ಮಜಾರ್ಬುಲ್ ಕೋಣೆಯ ಬಾಗಿಲಿನ ಆಚೆ ಈಚೆ ನಿಂತು ಮಂತ್ರಕ್ಕೆ ಮಂತ್ರ ತಾಗಿದಾಗ ಬಾಗಿಲು ಚೂರಾಗಿ, ಗ್ಯಾಂಡಾಲ್ಫ್ ಮೆಟ್ಟಿಲ ಕೆಳಗೆ ಬಂದು ಬಿದ್ದಿದ್ದ. ಸರಿಸಾಟಿ ಸಿಕ್ಕಿತೆಂದು ತಾನೇ ಒಪ್ಪಿಕೊಂಡಿದ್ದ.

ಮಾಂತ್ರಿಕನ ಬಲ ಅವನ ಹುಟ್ಟಿನಲ್ಲಿಲ್ಲ, ಅರಿವಿನಲ್ಲಿದೆ ಎಂಬುದಕ್ಕೆ ಮೂರನೆಯ ಲೋಕವೊಂದರ ನಿದರ್ಶನವೂ ಇದೆ. ಉರ್ಸುಲಾ ಲೆ ಗ್ವಿನ್ 1968ರಲ್ಲಿ ಸೃಷ್ಟಿಸಿದ ಗೆಡ್, ಗಾಂಟ್ ದ್ವೀಪದ ಕಮ್ಮಾರನ ಮಗ. ಪೆಂಡೋರ್ ದ್ವೀಪದ ಮುದಿ ಡ್ರ್ಯಾಗನ್ನನ್ನು ಅವನು ಮಣಿಸಿದ್ದು ಹಳೆಯ ಇತಿಹಾಸಗಳನ್ನು ಓದಿ ಊಹಿಸಿಕೊಂಡಿದ್ದ ಅದರ ನಿಜನಾಮದಿಂದ. ಈ ಅಳತೆಗೋಲು ಹಿಡಿದರೆ ಡಂಬಲ್‌ಡೋರ್ ಗೆಡ್‌ನ ಪಂಕ್ತಿಗೆ ಸೇರುತ್ತಾನೆ. ಗ್ಯಾಂಡಾಲ್ಫ್ ಆ ಪಂಕ್ತಿಗೆ ಅರ್ಧ ಮಾತ್ರ ಸೇರುತ್ತಾನೆ.

ಉಂಗುರದ ಮಾತಿನಲ್ಲಿ ನಾವು ಸೋಲನ್ನು ಒಪ್ಪುತ್ತೇವೆ, ಆದರೆ ಅಧಿಕಾರದ ದೌರ್ಬಲ್ಯ ತನ್ನಲ್ಲಿದೆಯೆಂದು ಅರಿತೇ ಡಂಬಲ್‌ಡೋರ್ ಮಂತ್ರಿಪದವಿಯನ್ನು ಮತ್ತೆ ಮತ್ತೆ ನಿರಾಕರಿಸಿದ್ದನ್ನು ಸೇರಿಸಿಯೇ ಒಪ್ಪುತ್ತೇವೆ. ಇನ್ನು ಗ್ಯಾಂಡಾಲ್ಫ್ ಸತ್ತು ಮರಳಿದ್ದು. ಎದುರು ಪಕ್ಷದವರು ಇದನ್ನೇಕೆ ಎತ್ತಲಿಲ್ಲವೋ ತಿಳಿಯದು. ಬಹುಶಃ ಉತ್ತರ ಗೊತ್ತಿದ್ದಿರಬೇಕು. ಅವನು ತಾನಾಗಿ ಮರಳಿದವನಲ್ಲ, ಕೆಲಸ ಮುಗಿಯುವ ತನಕ ಇರೆಂದು ಮರಳಿ ಕಳಿಸಲ್ಪಟ್ಟವನು. ಆಮೇಲೆ ಒಂದೇ ಮಾತಿನಿಂದ ಸಾರುಮಾನ್‌ನ ಕೋಲನ್ನು ಮುರಿದದ್ದೂ ಹಾಗೆ ಕೊಟ್ಟು ಕಳಿಸಿದ ಅಧಿಕಾರದಿಂದಲೇ. ಡಂಬಲ್‌ಡೋರ್‌ಗೆ ಹಾಗೆ ಕೊಡುವವರು ಯಾರೂ ಇರಲಿಲ್ಲ. ತನಗೆ ಉಳಿದಿರುವುದು ಹೆಚ್ಚೆಂದರೆ ಒಂದು ವರ್ಷವೆಂದು ತನ್ನ ಶಾಲೆಯ ಶಿಕ್ಷಕ ಸ್ನೇಪ್‌ನಿಂದ ತಿಳಿದ ಅವನು, ಆ ಸಾವನ್ನೇ ಶತ್ರುವಿನ ವಿರುದ್ಧದ ಉಪಾಯವಾಗಿ ಹೂಡಿದ. ಎಲ್ಡರ್ ದಂಡದ ಒಡೆತನ ಡ್ರೇಕೋನ ಪಾಲಾದದ್ದು ಆ ಯೋಜನೆಯಲ್ಲಿರಲಿಲ್ಲ. ಆದರೂ ವೊಲ್ಡೆಮಾರ್ಟ್ ಮುಂದೆ ಆ ದಂಡಕ್ಕಾಗಿ ಸ್ನೇಪ್‌ನನ್ನು ಕೊಂದು, ಅದು ತನ್ನದೆಂದು ತಪ್ಪಾಗಿ ನಂಬಿ, ಅದರಿಂದಲೇ ಸತ್ತ.