ಹುಡುಗನ ನಡೆ ಬದಲಾದರೆ ಯಾರಿಗೆ ಹೇಳಬೇಕು?

2022ರ ನವೆಂಬರ್‌ನಲ್ಲಿ ಒಂದು ಸಂಜೆ ತೀರ್ಥಹಳ್ಳಿಯ ಮನೆಗೆ ಫೋನ್ ಮಾಡಿದಾಗ ಮೆಟ್ಟುಗತ್ತಿಗಳ ಸದ್ದೇ ಇರಲಿಲ್ಲ. ಅಡಿಕೆ ಸುಲಿಯಲು ಬಂದವರೆಲ್ಲ ಟಿವಿ ಮುಂದೆ ಕೂತಿದ್ದರು. ಮಂಗಳೂರಿನಲ್ಲಿ 19ರಂದು ಆಟೋದೊಳಗೆ ಸಿಡಿದ ಕುಕ್ಕರ್ ಬಾಂಬಿನ ಆರೋಪಿ ನಮ್ಮೂರಿನವನೆಂಬ ಸುದ್ದಿ ಬರುತ್ತಿತ್ತು. “ನಮ್ಮೂರಿನ ಹೆಸರನ್ನು ಹೀಗೂ ಕೇಳಬೇಕಾಯಿತಲ್ಲ ಮಾರಾಯ” ಎಂದರು ದೊಡ್ಡಪ್ಪ. ತುಸು ತಡೆದು, “ಹುಡುಗ ಬದಲಾದದ್ದು ಯಾರ ಕಣ್ಣಿಗೂ ಬೀಳಲಿಲ್ಲವೇ?” ಎಂದರು.

ನಾನಿರುವ ಮ್ಯಾಂಚೆಸ್ಟರ್‌ಗೆ ಈ ನೋವು ಹೊಸದಲ್ಲ. 2017ರ ಮೇ 22ರಂದು, ಸಂಗೀತ ಕಾರ್ಯಕ್ರಮ ಮುಗಿಯುವ ಹೊತ್ತಿಗೆ 22 ಜನರನ್ನು ಕೊಂದವನು ಇಲ್ಲಿಯೇ ಹುಟ್ಟಿದವನು. ಆಮೇಲೆ ನಿವೃತ್ತ ನ್ಯಾಯಮೂರ್ತಿ ಜಾನ್ ಸಾಂಡರ್ಸ್ ಅವರ ಬಹಿರಂಗ ವಿಚಾರಣೆ ನಡೆಯಿತು. ಗುಪ್ತಚರರ ಸಾಕ್ಷ್ಯದ ಒಂದಿಷ್ಟು ಭಾಗ ಬಾಗಿಲು ಮುಚ್ಚಿಯೇ ನಡೆಯಿತು, ನಿಜ. ಆದರೂ ಮೂರು ಸಂಪುಟಗಳ ವರದಿಯನ್ನು ಯಾರು ಬೇಕಾದರೂ ಓದಬಹುದು. ಅಗ್ನಿಶಾಮಕ ದಳ ಸ್ಥಳಕ್ಕೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು ಎಂಬುದೂ, ಗುಪ್ತಚರ ಸಂಸ್ಥೆ ಎಂಐ5 ಮಹತ್ವದ ಅವಕಾಶವನ್ನು ಕೈಚೆಲ್ಲಿತು ಎಂಬುದೂ ಅದರಲ್ಲಿವೆ. ಸಂಸ್ಥೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು. 2023ರ ಮೂರನೆಯ ಸಂಪುಟವಂತೂ ದೊಡ್ಡಪ್ಪನ ಪ್ರಶ್ನೆಯನ್ನೇ ಎತ್ತಿಕೊಂಡಿದೆ: ಮನೆ, ಗೆಳೆಯರು, ಕಾಲೇಜು, ಯಾರಿಗೆ ಏನು ಕಾಣಬೇಕಿತ್ತು?

ನಮ್ಮಲ್ಲಿ 2008ರ ಮುಂಬೈ ದಾಳಿಯ ಬಳಿಕ ರಾಷ್ಟ್ರೀಯ ತನಿಖಾ ಸಂಸ್ಥೆ ಎನ್‌ಐಎ ಹುಟ್ಟಿತು. ಕುಕ್ಕರ್ ಪ್ರಕರಣವೂ ಅದರ ಕೈಗೆ ಹೋಯಿತು. ಆರೋಪಪಟ್ಟಿಗೆ ಮುನ್ನ ಬ್ರಿಟನ್ 14 ದಿನ ಮಾತ್ರ ಬಂಧನದಲ್ಲಿಡಬಹುದು, ನಮ್ಮ ಭಯೋತ್ಪಾದನೆ ತಡೆ ಕಾನೂನು ಯುಎಪಿಎ 180 ದಿನಗಳವರೆಗೂ ಬಿಡುತ್ತದೆ. ಅಧಿಕಾರಕ್ಕೆ ಕೊರತೆಯಿಲ್ಲ. ಆದರೆ ಯಾರು ಮಾಡಿದರೆಂದು ಸಾಬೀತು ಮಾಡುವುದು ತನಿಖಾ ಸಂಸ್ಥೆಯ ಕೆಲಸ. ಒಂದು ಊರು ತನ್ನ ಹುಡುಗನನ್ನು ಹೇಗೆ ಕಳೆದುಕೊಂಡಿತೆಂದು ವಿಚಾರಿಸುವವರು ಯಾರೂ ಇಲ್ಲ. 2024ರಲ್ಲಿ ಬೆಂಗಳೂರಿನ ಕೆಫೆ ಸ್ಫೋಟದಲ್ಲಿ ಮತ್ತೆ ತೀರ್ಥಹಳ್ಳಿಯ ಹೆಸರು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ಶಿವಮೊಗ್ಗದವರೊಬ್ಬರು. ಕೊಲ್ಲಹೊರಟವರ ಮನೆಯೂ ಸತ್ತವರ ಮನೆಯೂ ಒಂದೇ ಜಿಲ್ಲೆಯಲ್ಲಿರುವಾಗ, ಶಿವಮೊಗ್ಗದಲ್ಲೇ ಕನ್ನಡದಲ್ಲೇ ಅಂಥದೊಂದು ವಿಚಾರಣೆ ಏಕೆ ನಡೆಯಬಾರದು?

ಬ್ರಿಟನ್ನಿನಲ್ಲಿ ಉಗ್ರವಾದದತ್ತ ಜಾರುವವರನ್ನು ಮೊದಲೇ ತಡೆಯಲು ‘ಪ್ರಿವೆಂಟ್’ ಎಂಬ ವ್ಯವಸ್ಥೆಯಿದೆ. ಹುಡುಗನ ಮೇಲೆ ಮೊಕದ್ದಮೆ ಬೀಳುವ ಮೊದಲೇ ಶಿಕ್ಷಕರು ತಮ್ಮ ಆತಂಕ ತಿಳಿಸಬಹುದು. ತಮ್ಮನ್ನೇ ಸಂಶಯದಿಂದ ನೋಡುತ್ತಾರೆಂದು ಮುಸ್ಲಿಮರು ದೂರುವುದು ಸುಳ್ಳಲ್ಲ. ನಮ್ಮಲ್ಲಿ ಮಾಡುವುದಾದರೆ ಆ ತಪ್ಪನ್ನು ಮೊದಲೇ ತಿದ್ದಿಕೊಳ್ಳಬೇಕು.

ಇದನ್ನೆಲ್ಲ ದೊಡ್ಡಪ್ಪನಿಗೆ ವಿವರಿಸಿದೆ. “ಇಲ್ಲಿ ಪೊಲೀಸರಿಗೆ ಹೇಳಿದರೆ ಹುಡುಗನ ಬಾಳೇ ಮುಗಿಯಿತು. ಹೇಳದಿದ್ದರೆ ಇನ್ಯಾರದೋ ಬಾಳು. ನಡುವೆ ಹೇಳಿಕೊಳ್ಳಲು ಒಬ್ಬರಿದ್ದಾರಾ?” ಎಂದು ಕೇಳಿದರು.